ಕಲ್ಲಾದ ಅಪ್ಪನ ಸಿನಿಮಾ

ಹಲಸೂರು ಕೆರೆಯ ಹಿಂದಿನ ಓಣಿಯ ಒಂದು ಸಣ್ಣ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮೆಟ್ರೋಗಾಗಿ ರಸ್ತೆ ಅಗೆಯುವುದಕ್ಕೆ ಮುಂಚಿನ ಮಾತು. ಒಂದು ಶನಿವಾರ ನಮ್ಮ ಹೆಡ್ ಮಿಸ್ ಯಾರ ಹತ್ತಿರವೋ ಪ್ರೊಜೆಕ್ಟರ್ ಕೇಳಿ ತಂದು, ಜಪಾನಿನ ಒಂದು ಕಾರ್ಟೂನ್ ಸಿನಿಮಾ ತೋರಿಸುವುದೆಂದು ತೀರ್ಮಾನಿಸಿದರು. ಮಕ್ಕಳ ಜೊತೆ ಮನೆಯವರೂ ಬರಬಹುದು ಎಂದು ಹೇಳಿ ಕಳಿಸಿದ್ದರು. ಸಿಡಿ ಕೈಗೆ ಸಿಕ್ಕಿದ್ದು ಅವತ್ತು ಬೆಳಿಗ್ಗೆ. ಹಾಕಿ ನೋಡಿದಾಗ ಗೊತ್ತಾಯಿತು, ಮಾತೆಲ್ಲ ಜಪಾನಿಯಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ.

"ನೀವು ಓದ್ಕೊಂಡು ಕನ್ನಡದಲ್ಲಿ ಹೇಳ್ಬಿಡಿ," ಎಂದರು ಹೆಡ್ ಮಿಸ್, ಮೈಕು ನನ್ನ ಕೈಗಿಟ್ಟು.

"ಒಂದ್ಸಲ ಪೂರ್ತಿ ನೋಡ್ಕೊಳ್ತೀನಿ ಮೇಡಂ."

"ಎಲ್ಲಿದೆ ಟೈಮು? ಜನ ಬಂದಾಯ್ತು. ಕಾರ್ಟೂನ್ ತಾನೇ?"

ಹಾಲ್ ತುಂಬಿತ್ತು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದೆವು. ಮುಂದೆ ನೆಲದ ಮೇಲೆ ಮಕ್ಕಳು, ಹಿಂದೆ ಬೆಂಚುಗಳಲ್ಲಿ ದೊಡ್ಡವರು. ಜಪಾನಿ ಮಾತು ಕೇಳಿದ ಕೂಡಲೇ ಮಕ್ಕಳಿಗೆ ನಗು. ಒಬ್ಬ ಹಾಗೇ ಅಣಕಿಸಿದ, ಇನ್ನು ಹತ್ತು ಜನ ಅವನನ್ನು ಅಣಕಿಸಿದರು. ನಾನು ದನಿ ಏರಿಸಿ ಕಥೆ ಹೇಳತೊಡಗಿದೆ.

ಬೆಟ್ಟದ ಬುಡದಲ್ಲೊಂದು ಊರು. ಅಲ್ಲಿ ಕಲ್ಲು ಒಡೆಯುವ ಒಬ್ಬ ಅಪ್ಪ, ಅವನಿಗೊಬ್ಬ ಮಗಳು. ಒಡೆಯಬಾರದ ಬಂಡೆಯೊಂದನ್ನು ಅಪ್ಪ ಒಡೆದುಬಿಡುತ್ತಾನೆ. ಮರುದಿನ ಏಳುವಷ್ಟರಲ್ಲಿ ಅವನ ಪಾದ ಕಲ್ಲಾಗಿರುತ್ತದೆ. ದಿನಕ್ಕಿಷ್ಟು ಎಂದು ಕಲ್ಲು ಮೇಲೇರುತ್ತ ಹೋಗುತ್ತದೆ, ಮೊಳಕಾಲು, ತೊಡೆ.

ನಗು ನಿಂತಿತು. ತೊಡೆಯ ಚರ್ಮ ಬೂದಿ ಬಣ್ಣಕ್ಕೆ ತಿರುಗುವುದನ್ನು ಅಷ್ಟು ದೊಡ್ಡದಾಗಿ ತೋರಿಸಿದಾಗ ಚಿಕ್ಕ ಮಗುವೊಂದು ಕಿಟಾರನೆ ಕಿರುಚಿತು. ನನ್ನ ಕಣ್ಣು ಹೋದದ್ದು ಮಾತ್ರ ಆ ಮಗುವಿನತ್ತ ಅಲ್ಲ. ಮೂರನೇ ಸಾಲಿನಲ್ಲಿ ನಮ್ಮ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಕೂತಿದ್ದಳು. ಕಲಬುರಗಿ ಕಡೆಯವರು, ಓಣಿಯ ಕೊನೆಯ ವಠಾರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ಅವಳ ಅಪ್ಪ ವೈರಿಂಗ್ ಕೆಲಸದವರು. ದೊಡ್ಡನೆಕ್ಕುಂದಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಬೆನ್ನು ಮುರಿದುಕೊಂಡು, ಮಳೆಗಾಲದಿಂದಲೂ ಮಂಚದ ಮೇಲಿದ್ದರು. ಯುಗಾದಿಯ ಹೊತ್ತಿಗೆ ಅಪ್ಪ ಎದ್ದು ಓಡಾಡುತ್ತಾನೆಂದು ಅವಳು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಈಗ ನೆಟ್ಟ ನೋಟದಲ್ಲಿ ಪರದೆ ನೋಡುತ್ತಿದ್ದಳು. ಅವಳ ಅವ್ವ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು.

ನಾನು ಹೇಳುವುದನ್ನು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಯಾಕೆಂದು ಎಲ್ಲರೂ ಕೇಳುತ್ತಿದ್ದರು.

ಹಿಂದಿನಿಂದ ಒಬ್ಬ ಗಂಡಸು ಎದ್ದು ಕೂಗಿದ. "ಏನ್ ಮೇಡಂ ಇದು? ಮಕ್ಳಿಗೆ ದೆವ್ವ ಗಿವ್ವ ಎಲ್ಲಾ ತೋರಿಸ್ತಿದ್ದೀರಾ? ಆಫ್ ಮಾಡಿ!" ಇನ್ನಿಬ್ಬರು ದನಿಗೂಡಿಸಿದರು. ಹೆಡ್ ಮಿಸ್ ಗಾಬರಿಯಿಂದ ಪ್ರೊಜೆಕ್ಟರ್ ಕಡೆ ನಡೆದರು. ಕಿರುಚಿದ ಮಗುವಿನ ಅಜ್ಜಿ, ಶಿವಾಜಿನಗರದಿಂದ ಮೊಮ್ಮಗಳನ್ನು ನೋಡಲು ಬಂದವರು, ಬುರ್ಖಾದ ಮುಸುಕು ಹಿಂದೆ ಸರಿಸಿ ಎದ್ದು ನಿಂತರು. ಬೈಗುಳ ಖಂಡಿತ ಎಂದುಕೊಂಡೆ.

"ಅರೆ, ಬಂದ್ ಮತ್ ಕರೋ ಬೇಟಾ," ಎಂದರು ಅವರು ಹೆಡ್ ಮಿಸ್‌ಗೆ. ಆಮೇಲೆ ಆ ಗಂಡಸಿನ ಕಡೆ ತಿರುಗಿ, "ಅರ್ಧಕ್ಕೆ ನಿಲ್ಸಿದ್ರೆ ಮಗು ಹೆದ್ರಿಕೆ ಮನೇಗೆ ತಗೊಂಡ್ ಹೋಗ್ತದೆ. ಪೂರಾ ಆಗ್ಲಿ. ನಿಮ್ಗೆ ಬೇಡಾಂದ್ರೆ ನೀವ್ ಹೋಗಿ," ಎಂದರು.

ಅವನು ಮಗನ ಕೈ ಹಿಡಿದು ಎಳೆದ. ಮಗ ಬರಲೊಲ್ಲದೆ ನೆಲಕ್ಕೆ ಅಂಟಿಕೊಂಡ. ಕೊನೆಗೆ ಅವನೂ ಗೊಣಗುತ್ತ ಕೂತ.

ಸಿನಿಮಾ ಮುಂದುವರಿಯಿತು. ಮಗಳು ಅಪ್ಪನನ್ನು ಉಳಿಸಲು ಬೆಟ್ಟದ ಒಡೆಯನನ್ನು ಹುಡುಕಿ ಹೊರಟಳು. ಆ ಒಡೆಯ ಮನೆಯಷ್ಟು ದೊಡ್ಡ ಕೊಕ್ಕರೆ. ಮಂಜಿನೊಳಗಿಂದ ಅದು ಕತ್ತೆತ್ತಿದಾಗ ಇಡೀ ಹಾಲ್ ಉಸಿರು ಬಿಗಿಹಿಡಿಯಿತು. ಮಗಳು ಅದರ ಕಾಲಿಗೆ ಬಿದ್ದು ಅಳುತ್ತ ಕೇಳಿದಳು. ಅದನ್ನು ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಮೂರನೇ ಸಾಲಿನ ಹುಡುಗಿ ಎದ್ದು ನಿಂತಿದ್ದಳು.

"ಮಿಸ್, ಆಕಿ ಅಪ್ಪ ಮತ್ತ ನಡೀತಾನಲ್ರೀ?"

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಅವಳ ಅವ್ವ ಬೆಂಚಿನಿಂದ ಎದ್ದದ್ದು ಕಂಡಿತು. ಪರದೆಯಲ್ಲಿ ಕೊಕ್ಕರೆ ಕಣ್ಣು ಮುಚ್ಚಿ ತೆರೆಯಿತು. ಕೆಳಗೆ ಅಕ್ಷರ ಮೂಡಿತು. ಕಲ್ಲಾದದ್ದು ಮತ್ತೆ ಮೈಯಾಗುವುದಿಲ್ಲ, ಕಲ್ಲಾಗದೆ ಉಳಿದದ್ದನ್ನು ಕಾಪಾಡಿಕೋ ಎಂಬ ಅರ್ಥದ ಮಾತು.

ಬೇರೆ ಏನಾದರೂ ಹೇಳಿಬಿಡಲೇ ಎನಿಸಿತು. ಸರಿಹೋಗುತ್ತಾನೆ ಎಂದುಬಿಟ್ಟರೆ ಆಮೇಲಿನ ದೃಶ್ಯದಲ್ಲಿ ಅವನು ನಡೆಯದಿದ್ದರೆ? ಮುಂದೇನಿದೆಯೆಂದು ನನಗೇ ಗೊತ್ತಿಲ್ಲ. ಅಕ್ಷರ ಮಾಯವಾಯಿತು. ಕೊಕ್ಕರೆ ಹಾರಿಹೋಯಿತು. "ಕ್ಯಾ ಬೋಲಾ?" ಎಂದು ಅಜ್ಜಿ ಯಾರನ್ನೋ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಹುಡುಗಿ ನಿಂತೇ ಇದ್ದಳು. ಅವ್ವ ಮಕ್ಕಳನ್ನು ದಾಟಿಕೊಂಡು ಬಂದು ಅವಳ ರಟ್ಟೆ ಹಿಡಿದರು. ಅವಳು ಕೊಸರಿಕೊಂಡು ಮತ್ತೆ ಕೂತಳು. ಬೇರೆ ದಾರಿಯಿಲ್ಲದೆ ಅವ್ವನೂ ಮಕ್ಕಳ ನಡುವೆ ನೆಲದ ಮೇಲೆಯೇ ಕೂತರು, ಸಿನಿಮಾ ಮುಗಿಯುವವರೆಗೂ ಪರದೆಯತ್ತ ನೋಡದೆ. ಕೊನೆಯಲ್ಲಿ ಅಪ್ಪ ಸೊಂಟದವರೆಗೆ ಬಂಡೆಯಾಗಿ, ಅದರ ಮೇಲಕ್ಕೆ ಮನುಷ್ಯನಾಗಿ ಉಳಿದ. ಮಗಳು ಅವನ ಸುತ್ತ ಗೋಡೆ ಎಬ್ಬಿಸಿ ಮನೆ ಕಟ್ಟಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರಲ್ಲಿ ಕೆಲವರು ಮೂಗು ಒರೆಸಿಕೊಂಡರು. ಗಲಾಟೆ ಮಾಡಿದ ಗಂಡಸು ಯಾರ ಮುಖವನ್ನೂ ನೋಡದೆ ಹೊರಟುಹೋದ.

ಬಾಗಿಲ ಹತ್ತಿರ ಅವಳ ಅವ್ವ ನನ್ನನ್ನು ತಡೆದರು. ದನಿ ಮೇಲೇರಲಿಲ್ಲ.

"ನಮಗೇನ್ ಇಂಗ್ಲಿಷ್ ಬರ್ತದೇನ್ರಿ ಟೀಚರ್? ನೀವ್ ಬ್ಯಾರೇನರ ಹೇಳಿದ್ರ ಯಾರಿಗಿ ಗೊತ್ತಾಗ್ತಿತ್ತು? ಡಾಕ್ಟರ್ ನನಗ ಯಾವಾಗೋ ಹೇಳ್ಯಾರ. ನಾ ಮನ್ಯಾಗ ಹೇಳಿಲ್ಲ."

ಉತ್ತರಕ್ಕೆ ಕಾಯದೆ ಮಗಳನ್ನು ಎಳೆದುಕೊಂಡು ನಡೆದರು.

ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಶಾಲೆ ಬಿಟ್ಟಮೇಲೆ ವಠಾರಕ್ಕೆ ಹೋದೆ. ಚಪ್ಪಲಿ ಬಿಡುವಾಗ ಒಳಗಿಂದ ಯಾವ ಸದ್ದೂ ಇರಲಿಲ್ಲ. ಏನು ಆಗಬಾರದ್ದು ಆಗಿದೆಯೋ ಎಂದು ಬೇಗನೆ ಬಾಗಿಲು ತಳ್ಳಿದೆ.

ಅವ್ವ ಇರಲಿಲ್ಲ, ಮನೆಕೆಲಸಕ್ಕೆ ಇಂದಿರಾನಗರಕ್ಕೆ ಹೋಗಿದ್ದರು. ಹುಡುಗಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅಪ್ಪ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಗಡ್ಡ ಬೆಳೆದಿತ್ತು. ಎದುರಿನ ಗೋಡೆಯ ಸುಣ್ಣ ಒಂದೆಡೆ ಚಕ್ಕೆಯೆದ್ದಿತ್ತು.

"ಬರ್ರಿ ಟೀಚರ್, ಕೂಡ್ರಿ," ಎಂದರು.

ಮಂಚದ ಪಕ್ಕ ಕೂತೆ. ಅವರೇ ಮಾತು ತೆಗೆದರು.

"ಅವತ್ತು ಬಂದಕೀನೇ ಈಕಿ ಅವರವ್ವಗ ಕೇಳಿದ್ಲು, 'ಅಪ್ಪ ನಡ್ಯಂಗಿಲ್ಲ ಹೌದಿಲ್ಲೋ' ಅಂತ. ನನ್ನ ಮುಂದೇ. ಅಕಿ ಸುಮ್ಮ ನಿಂತ್ಲು ನೋಡ್ರಿ. ಇಲ್ಲ ಅಂತ ಒಂದ್ ಮಾತು ಬರ್ಲಿಲ್ಲ ಬಾಯಿಂದ." ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡರು. "ನನಗೂ ಯಾರೂ ಹೇಳಿದ್ದಿಲ್ರಿ. ನಾನೂ ಯುಗಾದಿ ಕಾಯಕತ್ತಿದ್ದೆ."

ನನಗೆ ಆ ರೂಮಿನಿಂದ ಎದ್ದು ಓಡಿಹೋಗಬೇಕೆನಿಸಿತು. ಅವರು ಗೋಡೆಯತ್ತ ಕೈ ತೋರಿಸಿದರು. "ನೀರಿನ ಚಂಬು ಬೀಸಿ ಒಗದೆ. ಈಕಿ ಅಂಜಿದ್ಲು. ಎಲ್ಲಿ ಏನ್ ಮಾಡ್ಕೊಂತೀನೋ ಅಂತ ಸಾಲಿಗಿ ಹೋಗದ ನನ್ನ ಕಾಯ್ತಾಳ."

ಹುಡುಗಿ ಸುಲಿಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು.

"ಟೀಚರ್, ಆ ಸಿನಿಮಾದ ಕಥಿ ನನಗ ಪೂರ್ತಿ ಹೇಳ್ರಿ. ಈಕಿ ಅರ್ಧಮರ್ಧ ಹೇಳ್ತಾಳ."

ಹೇಳಿದೆ. ಬಂಡೆ, ಕೊಕ್ಕರೆ, ಮಂಜು, ಮನೆ, ಒಂದನ್ನೂ ಬಿಡದೆ. ಬಿಟ್ಟಲ್ಲೆಲ್ಲ ಹುಡುಗಿ ಸೇರಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕೇಳಿದರು, "ಆ ಅಪ್ಪ ಒಮ್ಮೆರ ಸಿಟ್ಟಿಗೇಳ್ತಾನೇನ್ರಿ?"

ನೆನಪು ಮಾಡಿಕೊಂಡೆ. "ಇಲ್ಲ. ನಗ್ತಾನೇ ಇರ್ತಾನೆ."

"ಅದೊಂದು ಸುಳ್ಳು ತೋರ್ಸ್ಯಾರ," ಎಂದರು. ಅವರ ಮುಖದಲ್ಲಿ ಏನೋ ಸಡಿಲಾಯಿತು. ಮಗಳ ಕಡೆ ತಿರುಗಿ, "ನಾಳಿಂದ ಸಾಲಿಗಿ ಹೋಗವ್ವ. ನಾ ಏನೂ ಮಾಡ್ಕೊಳಂಗಿಲ್ಲ. ಟೀಚರ್ ಮುಂದ ಹೇಳಕತ್ತೀನಿ," ಎಂದರು.

ಮಾರನೆಯ ದಿನ ಅವಳು ಬಂದಳು. ಕ್ಲಾಸಿನಲ್ಲಿ ಯುಗಾದಿಯ ಮಾತನ್ನು ಮತ್ತೆ ಆಡಲಿಲ್ಲ.

ವರ್ಷ ಮುಗಿಯುವ ಮೊದಲೇ ಅವರು ಕೃಷ್ಣರಾಜಪುರದಲ್ಲಿ ಮೆಟ್ಟಿಲಿಲ್ಲದ ನೆಲಮಹಡಿಯ ಮನೆ ಹಿಡಿದು ಹೋದರು. ಅಪ್ಪ ಕೂತಲ್ಲೇ ಫ್ಯಾನು, ಮಿಕ್ಸಿಗಳ ಮೋಟಾರಿಗೆ ತಂತಿ ಸುತ್ತುವ ಕೆಲಸ ಶುರು ಮಾಡಿದ್ದಾರೆಂದು ಕೇಳಿದೆ. ಅವ್ವ ಮಾತ್ರ ಟಿ.ಸಿ. ತೆಗೆದುಕೊಳ್ಳಲು ಬಂದಾಗಲೂ ನನ್ನನ್ನು ನೋಡಿ ಮುಖ ತಿರುಗಿಸಿದ್ದರು.

ಎಷ್ಟೋ ಕಾಲದ ಮೇಲೆ ಕೃಷ್ಣರಾಜಪುರದ ಸಂತೆಯಲ್ಲಿ ಆ ಅವ್ವನೇ ನನ್ನ ಗುರುತು ಹಿಡಿದರು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ, ಮನೆಯವರು ಆರಾಮಿದ್ದಾರೆ ಎಂದು ಹೇಳಿದರು. ಆಮೇಲೆ ಸೊಪ್ಪಿನ ಕಟ್ಟು ಚೀಲಕ್ಕೆ ತುರುಕುತ್ತ ಅಂದರು, "ಅವತ್ತು ನೀವು ಸುಳ್ಳು ಹೇಳಿದ್ರ ಚಲೋ ಇತ್ತು ಅಂತ ಈಗೂ ಒಮ್ಮೊಮ್ಮೆ ಅನಸ್ತದ ನೋಡ್ರಿ."

ಇಬ್ಬರೂ ಬಸ್ ಸ್ಟಾಪಿನತ್ತ ನಡೆದೆವು. ಅವರ ಬಸ್ಸು ಬಂತು. ಒಂದು ಚೀಲ ನಾನು ಎತ್ತಿಕೊಟ್ಟೆ, ಬೇಡವೆನ್ನದೆ ತೆಗೆದುಕೊಂಡರು.