ಕಲ್ಲಮ್ಮ ಬಿಡಬೇಕಿದ್ದ ಬಾಗಿನ

ಕಲ್ಲಮ್ಮನ ಹೆಸರು ಅಂಜಿನಮ್ಮನ ಕಿವಿಗೆ ಮೊದಲು ಬಿದ್ದದ್ದು ಅಜ್ಜಂಪುರದ ಹಿಟ್ಟಿನ ಗಿರಣಿಯಲ್ಲಿ. ಜಿಲ್ಲಾ ಪರಿಷತ್ತಿಗೆ ಮೊದಲ ಸಲ ಚುನಾವಣೆ ಬಂದಿದ್ದ ಕಾಲ. ಅಂಜಿನಮ್ಮನಿಗೆ ಆಗ ಮೂವತ್ತೆರಡು, ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ರಾಗಿ ಮೂಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದವಳ ತಲೆಯ ಮೇಲೆಯೇ ಗಂಡಸರು ಮಾತಾಡುತ್ತಿದ್ದರು.

"ಕಲ್ಲಮ್ಮ ಅಂತ, ದೇವನೂರು ಕಡೆಯಿಂದ ಬಂದ ಸೊಸೆಯಂತೆ ಕಣೋ. ಗಂಡ ಹೋಗಿ ಆರು ತಿಂಗಳಾಗಿಲ್ಲ, ಆಗ್ಲೇ ನಾಮಪತ್ರ ಹಾಕವ್ಳೆ. ಅದೂ ಹೆಂಗಸರ ಜಾಗಕ್ಕಲ್ಲ, ಗಂಡಸರು ನಿಲ್ಲೋ ಜಾಗಕ್ಕೆ!"

"ಮೂಲೇಲಿ ಕೂರೋ ಹೊತ್ನಲ್ಲಿ ಜೀಪ್ ಹತ್ತುತಾಳಾ? ಥೂ."

ಗಿರಣಿಯೆಲ್ಲ ನಕ್ಕಿತು. ಅಂಜಿನಮ್ಮನಿಗೆ ಆ ನಗು ತನ್ನ ಮುಖಕ್ಕೇ ಉಗಿದಂತಾಯಿತು. ಹಿಟ್ಟು ಹೊತ್ತು ಮನೆಗೆ ಬಂದವಳು ಒಲೆ ಹಚ್ಚಲಿಲ್ಲ. ಮಾರನೆಯ ದಿನ ಆ ಹೆಂಗಸು ಯಾವ ಊರಲ್ಲಿದ್ದಾಳೆಂದು ಕೇಳಿಕೊಂಡು ನಡೆದೇ ಹೋದಳು.

ಕಲ್ಲಮ್ಮ ಜಗುಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದಳು. ಓದಿದ್ದು ಏಳನೇ ಕ್ಲಾಸು, ದನಿ ಮಾತ್ರ ಮೂರು ಬೀದಿಗೆ ಕೇಳಿಸುವಂಥದ್ದು. ಬಂದವಳ ಬರಿದಾದ ಹಣೆ ನೋಡಿದಳು, ಬಂದ ಕಾರಣ ಕೇಳಲಿಲ್ಲ. "ನನ್ ಜೊತೆ ಓಡಾಡೋಕೆ ಒಬ್ಬ ಹೆಂಗಸು ಬೇಕು ಕಣೇ. ಒಬ್ಬಳೇ ಗಂಡಸರ ಜೀಪಲ್ಲಿ ಹೋದ್ರೆ ಬಾಯಿಗೆ ಬಂದಂಗೆ ಆಡ್ಕೋತಾರೆ. ಬತ್ತೀಯಾ?" ಎಂದಳು.

"ಇಬ್ರು ಹೋದ್ರೆ ಆಡ್ಕೋಳಲ್ವಾ ಅಕ್ಕ?"

"ಆಡ್ಕೋತಾರೆ. ಆದ್ರೆ ಕೇಳಿಸ್ಕೊಳೋ ಭಾರ ಅರ್ಧ ಅರ್ಧ ಆಯ್ತದೆ."

ಹಾಗೆ ಶುರುವಾಯಿತು. ಪ್ರಚಾರಕ್ಕೆ ತನ್ನ ಊರಿಗೆ ಕಲ್ಲಮ್ಮ ಬಂದಾಗ ಅಂಜಿನಮ್ಮ ಅವಳನ್ನು ಕೆರೆ ಏರಿಗೆ ಕರೆದೊಯ್ದು ತೂಬು ತೋರಿಸಿದಳು. ಕಲ್ಲು ಕುಸಿದು, ಬಂದ ನೀರೆಲ್ಲ ಒಂದೇ ತಿಂಗಳಲ್ಲಿ ಹಳ್ಳದ ಪಾಲಾಗುತ್ತಿತ್ತು. ಗೆದ್ದು ಹೋದವರೆಲ್ಲ ಈ ತೂಬಿನ ಮುಂದೆ ನಿಂತು ಮಾತು ಕೊಟ್ಟವರೇ. ಕಲ್ಲಮ್ಮ ಮಾತು ಕೊಡಲಿಲ್ಲ. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಮುರಿದ ಕಲ್ಲಿನ ಉದ್ದವನ್ನು ಗೇಣಿನಲ್ಲಿ ಅಳೆದು ಬಂದಳು.

ಜಿಲ್ಲಾ ಪರಿಷತ್ತಿಗೆ ಅರವತ್ತೊಂದು ಮತದಿಂದ ಗೆದ್ದಳು. ವಿಧಾನಸಭೆಗೆ ಎರಡು ಸಲ ನಿಂತು ಸೋತಳು, ಮೂರನೆಯ ಸಲ ಗೆದ್ದಳು. ಆ ಕ್ಷೇತ್ರದಿಂದ ಅಲ್ಲಿಗೆ ಹೋದ ಮೊದಲ ಹೆಂಗಸು ಅವಳೇ. ಬೆಂಗಳೂರಿನ ಶಾಸಕರ ಭವನದ ಕೋಣೆಯಲ್ಲಿ ಅಂಜಿನಮ್ಮನೇ ಮುದ್ದೆ ತಿರುವುತ್ತಿದ್ದಳು. ಕಲ್ಲಮ್ಮ ಸಭೆಯಲ್ಲಿ ತೂಬಿನ ಮಾತೆತ್ತಿದ ದಿನ ಮೇಲಿನ ಗ್ಯಾಲರಿಯಲ್ಲಿ ಕೂತು ಕೇಳಿಯೂ ಇದ್ದಳು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಕೂಗಿದ, "ಏನಮ್ಮಾ, ಮನೇಲಿ ಅಡುಗೆ ಆಯ್ತಾ?"

ಕಲ್ಲಮ್ಮ ತಿರುಗಿ ನಿಂತಳು. "ಅಡುಗೆ ಆಯ್ತಪ್ಪ, ಉಂಡಿದ್ದೂ ಆಯ್ತು. ನಮ್ಮ ಕಡೆ ನೀರಿಲ್ದೆ ಪಾತ್ರೆ ಹಂಗೇ ಬಿದ್ದವೆ. ನೀರು ಕೊಡ್ಸು, ನಿನ್ನ ತಟ್ಟೆನೂ ತೊಳ್ಕೊಡ್ತೀನಿ."

ಅಂಜಿನಮ್ಮ ಮೇಲಿಂದ ಚಪ್ಪಾಳೆ ಹೊಡೆದಳು. ಪೊಲೀಸಿನವನು ಹೊರಗೆ ಕಳಿಸಿದ.

ಕಚೇರಿಯಿಂದ ಕಚೇರಿಗೆ ಮೂರು ವರ್ಷ ಅಲೆದ ಮೇಲೆ ತೂಬು ಆಯಿತು. ಕಲ್ಲು ಇಳಿಸಿದ ದಿನ ಕಲ್ಲಮ್ಮ ಬಿಸಿಲಲ್ಲಿ ನಿಂತು ಒಂದೊಂದನ್ನೂ ತಟ್ಟಿ ನೋಡಿ, ಸೀಳು ಬಿಟ್ಟಿದ್ದ ಹದಿನಾಲ್ಕು ಕಲ್ಲನ್ನು ವಾಪಸ್ ಕಳಿಸಿದಳು. ಮುಂದಿನ ಮಳೆಗಾಲಕ್ಕೆ ಕೆರೆ ತುಂಬಿ ಕೋಡಿ ಬಿತ್ತು. ಇಪ್ಪತ್ತೆರಡು ವರ್ಷದ ಮೇಲೆ.

ಕೋಡಿ ಬಿದ್ದರೆ ಬಾಗಿನ ಬಿಡಬೇಕು. ಜೋಡಿ ಮೊರದೊಳಗೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು ಗಂಗಮ್ಮನಿಗೆ ಒಪ್ಪಿಸುವುದು. ಆಹ್ವಾನ ಪತ್ರಿಕೆ ಅಚ್ಚಾಯಿತು. "ಶಾಸಕರಾದ ಶ್ರೀಮತಿ ಕಲ್ಲಮ್ಮನವರ ಉಪಸ್ಥಿತಿಯಲ್ಲಿ" ಎಂದಿತ್ತು. ಬಾಗಿನ ಬಿಡುವವರ ಹೆಸರಿರಲಿಲ್ಲ. ಅಂಜಿನಮ್ಮ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದರೂ ಅವಳಿಗೆ ಅದು ಹೊಳೆಯಲಿಲ್ಲ.

ಏರಿಯ ಮೇಲೆ ಹೊಳೆಯಿತು. ಪಕ್ಷದ ತಾಲ್ಲೂಕು ಅಧ್ಯಕ್ಷ ರಘುನಾಥ್ ಹೆಂಡತಿ ಮಾಲಿನಿಯನ್ನು ಕರೆತಂದಿದ್ದ. ಅವಳು ಹಸಿರು ರೇಷ್ಮೆಯುಟ್ಟು ಮೊರದ ಪಕ್ಕವೇ ನಿಂತಿದ್ದಳು. ಊರ ಯಜಮಾನ ಬೀರಪ್ಪ ಕೈ ಮುಗಿದುಕೊಂಡು ಕಲ್ಲಮ್ಮನ ಮುಂದೆ ಬಂದ.

"ತಪ್ಪು ತಿಳ್ಕೋಬ್ಯಾಡಿ ಕಣ್ರವ್ವ. ಬಾಗಿನ ಮುತ್ತೈದೆ ಕೈಯಿಂದ್ಲೇ ಆಗ್ಬೇಕು."

"ಬೀರಪ್ಪಾ, ತೂಬು ಮಾಡ್ಸಿದ್ದು ಯಾರ ಕೈ?"

"ನಿಮ್ಮದೇ ಕಣ್ರವ್ವ, ಇಲ್ಲ ಅಂದೋರ್ಯಾರು?"

"ಆವಾಗ ಗಂಗಮ್ಮ ಬ್ಯಾಡ ಅಂದ್ಲಾ? ರಂಡೆ ಮುಟ್ಟಿದ ಕಲ್ಲು ಅಂತ ನೀರು ವಾಪಸ್ ಹೋಯ್ತಾ?"

ರಘುನಾಥ್ ಕಲ್ಲಮ್ಮನ ಕಿವಿಯ ಹತ್ತಿರ ಬಂದು, "ಅಕ್ಕಾ, ಜನ ನೋಡ್ತಾವ್ರೆ. ಐದು ನಿಮಿಷದ ಕೆಲಸ, ಮಾಲಿನಿ ಮಾಡ್ತಾಳೆ. ಫೋಟೋದಲ್ಲಿ ನೀವೇ ಮುಂದೆ ನಿಂತ್ಕಳಿ," ಎಂದ. ಇದೇ ರಘುನಾಥ್ ಅವಳ ಹೆಸರು ಹೇಳಿಕೊಂಡು ಮತ ಕೇಳಿದ್ದ, ಅವಳ ಮನೆಯ ಮುದ್ದೆ ಉಂಡಿದ್ದ. ಮತಪೆಟ್ಟಿಗೆ ತುಂಬಿಸಲು ಬೇಕಾಗಿದ್ದ ಹೆಂಗಸು ಮೊರ ಮುಟ್ಟಲು ಬೇಡವಾದಳು.

ಕಲ್ಲಮ್ಮ ಬಗ್ಗಿ ಮೊರಕ್ಕೆ ಕೈ ಹಾಕಿದಳು.

ಆಗ ಆ ಕೈಯನ್ನು ಹಿಡಿದದ್ದು ರಘುನಾಥನೂ ಅಲ್ಲ, ಬೀರಪ್ಪನೂ ಅಲ್ಲ. ಅಂಜಿನಮ್ಮ.

"ಬ್ಯಾಡ ಕಣಕ್ಕ. ಇದು ನಮ್ಮೂರು, ನಂಗೊತ್ತು ಇವ್ರು. ನಾಳೆ ಒಂದು ಕುರಿ ಸತ್ರೂ ನಿನ್ ತಲೆಗೆ ಕಟ್ತಾರೆ."

ಕಲ್ಲಮ್ಮ ಅವಳ ಮುಖವನ್ನು ನೋಡಿದಳು. ಬೆರಳು ಸಡಿಲವಾದವು. ಮಾಲಿನಿ ಮೊರ ಎತ್ತಿಕೊಂಡಳು. ಓಲಗ ಶುರುವಾಯಿತು. ಮರುದಿನದ ಪತ್ರಿಕೆಯ ಚಿತ್ರದಲ್ಲಿ ರಘುನಾಥ್, ಮಾಲಿನಿ, ಬೀರಪ್ಪ ಎಲ್ಲರೂ ಇದ್ದರು. ಕಲ್ಲಮ್ಮನದು ಒಂದು ಮೊಣಕೈ ಮಾತ್ರ ಬಂದಿತ್ತು.

ಹಿಂದಿರುಗುವಾಗ ಜೀಪಿನಲ್ಲಿ ಕಲ್ಲಮ್ಮ ಒಂದೇ ಮಾತಾಡಿದ್ದು. "ಅವ್ರು ಹಿಡಿದಿದ್ರೆ ಬಿಡಿಸ್ಕೊಂತಿದ್ದೆ ಕಣೇ ಅಂಜಿನಿ."

ಮುಂದಿನ ಚುನಾವಣೆಗೆ ಟಿಕೆಟ್ ರಘುನಾಥನಿಗೆ ಹೋಯಿತು. ಕಾರಣ ಕೇಳಿದರೆ ಪಕ್ಷದವರು ನಾಚಿಕೆಯಿಲ್ಲದೆ ಹೇಳಿದರು: "ಗುದ್ದಲಿ ಪೂಜೆ, ದೀಪ ಹಚ್ಚೋದು, ಬಾಗಿನ, ಎಲ್ಲದಕ್ಕೂ ಇನ್ನೊಬ್ರನ್ನ ಕರೀಬೇಕು. ಅವತ್ತು ಅವರೇ ಹಿಂದೆ ಸರಿದ್ರಲ್ಲ?" ಹಿಂದೆ ಸರಿದರಂತೆ! ಕಲ್ಲಮ್ಮ ಪಕ್ಷೇತರಳಾಗಿ ನಿಂತು ಸೋತಳು. ಅದೇ ತೂಬಿನ ನೀರಲ್ಲಿ ಭತ್ತ ಬೆಳೆದ ಅಂಜಿನಮ್ಮನ ಊರು ಅವಳಿಗೆ ಕೊಟ್ಟದ್ದು ಒಂಬತ್ತು ಮತ. ಆ ಒಂಬತ್ತು ಯಾರದೆಂದು ಅಂಜಿನಮ್ಮನಿಗೆ ಗೊತ್ತು. ಕೊಡದವರು ಯಾರೆಂಬುದೂ ಗೊತ್ತು. ಅವರ ಮನೆಯ ಮದುವೆಗೆ ಅವಳು ಇವತ್ತಿಗೂ ಹೋಗುವುದಿಲ್ಲ. ಹೋದರೂ ಹಿಂದಿನ ಬಾಗಿಲಲ್ಲೇ ಕೂರಿಸುತ್ತಾರೆ ಎನ್ನುವುದು ಬೇರೆ ಮಾತು. ಅವರ ಮೇಲಿನ ಸಿಟ್ಟು ಒಂದು ತೂಕವಾದರೆ, ತನ್ನ ಬಲಗೈ ಮೇಲಿನ ಸಿಟ್ಟು ಎರಡು ತೂಕ. ಅನ್ನ ಕಲಸುವಾಗ ಎಷ್ಟೋ ಸಲ ಆ ಕೈಯನ್ನೇ ನೋಡುತ್ತ ಕೂತುಬಿಡುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಕಲ್ಲಮ್ಮ ತರೀಕೆರೆಯಲ್ಲಿ ತಮ್ಮನ ಮಗಳು ಅನುಷಾಳ ಮನೆಯಲ್ಲಿ ಮಲಗಿದ್ದಳು. ಎಂಬತ್ತು ದಾಟಿದ್ದವಳಿಗೆ ಉಬ್ಬಸ. ಅಂಜಿನಮ್ಮ ಬಸ್ಸಿನಲ್ಲಿ ಎಳನೀರು ಹೊತ್ತು ಹೋದಳು.

"ಕೆರೆ ಎಷ್ಟಾಯ್ತೇ?"

"ಕೋಡಿಗೆ ಇನ್ನೊಂದು ಗೇಣೈತೆ ಅಕ್ಕ. ಈ ಮಳೆಗೆ ಬೀಳ್ತದೆ."

"ಮಂಚದ ಕೆಳಗೆ ನೋಡು."

ಅಂಜಿನಮ್ಮ ಬಗ್ಗಿ ಎಳೆದಳು. ಹಳೇ ಸೀರೆಯಲ್ಲಿ ಸುತ್ತಿಟ್ಟ ಹೊಸ ಜೋಡಿ ಮೊರ. ಅನುಷಾಳಿಗೆ ಹೇಳಿ ಸಂತೆಯಿಂದ ತರಿಸಿದ್ದಳಂತೆ.

"ಈ ಸಲ ಬಾಗಿನ ನೀನು ಬಿಡ್ಬೇಕು ಕಣೇ."

"ಊರೋರು ಒಪ್ತಾರಾ ಅಕ್ಕ?"

"ಕೇಳ್ಬ್ಯಾಡ. ಯಜಮಾನನ ಹತ್ರ ನಾನು ನ್ಯಾಯ ಕೇಳ್ತಾ ನಿಂತಿದ್ದೇ ತಪ್ಪಾಯ್ತು. ಹೋಗೋದು, ಬಿಡೋದು."

"ಯಾರಾದ್ರೂ ಬಂದು ಕೈ ಹಿಡ್ಕೊಂಡ್ರೆ?"

ಕಲ್ಲಮ್ಮ ಮೊಣಕೈ ಊರಿ ಎದ್ದು ಕೂತಳು. ಕಣ್ಣಲ್ಲಿ ಅವತ್ತು ಜೀಪಿನಲ್ಲಿದ್ದ ಸಿಟ್ಟು ಹಾಗೇ ಇತ್ತು.

"ಗಂಡಸಾದ್ರೆ ಕೊಡವಿ ಬಿಸಾಕು. ಹೆಂಗಸಾದ್ರೆ, ಮೊರದ ಒಂದು ತುದಿ ಅವಳ ಕೈಗೂ ಕೊಡು."