ಪೆನುಕೊಂಡದ ಒಗಟು

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಬಾಡಿಗೆ ಕೋಣೆ ಹಿಡಿದು, ಕುಂದುರ್ಪಿ ಕಡೆಯ ಕನ್ನಡ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಪಂಪಮ್ಮ ಟೀಚರಿಗೆ ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಓದುವ ಆಸೆ ಹುಟ್ಟಿತು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲಂತೂ ಶಾಲೆಯಿಂದ ಬಂದು ಬೀಗ ತೆಗೆದರೆ ಮರುದಿನ ಬಸ್ಸು ಹತ್ತುವವರೆಗೆ ಒಂದು ಮಾತೂ ಆಡಬೇಕಾಗಿರಲಿಲ್ಲ. ಅಂಚೆ ಮೂಲಕ ಎಂ.ಫಿಲ್.ಗೆ ಸೇರಿ, ಗಡಿಯ ಊರುಗಳಲ್ಲಿ ಅಚ್ಚಾದ ಕನ್ನಡ ಮಕ್ಕಳ ಸಾಹಿತ್ಯವನ್ನೇ ವಿಷಯವಾಗಿ ಆರಿಸಿಕೊಂಡಳು. ಆದರೆ ಓದೋಣವೆಂದರೆ ಪುಸ್ತಕವೇ ಇಲ್ಲ. ಮಾರ್ಗದರ್ಶಕರು ಫೋನಿನಲ್ಲಿ, ದೊಡ್ಡ ಲೈಬ್ರರಿಗಳ ಪಟ್ಟಿಗಳೆಲ್ಲ ಈಗ ಇಂಟರ್‌ನೆಟ್ಟಿನಲ್ಲಿವೆ, ಹುಡುಕಿ ಎಂದಷ್ಟೇ ಹೇಳಿದರು.

ಅದು ೨೦೦೬. ಭಾನುವಾರ ಬಂತೆಂದರೆ ಅವಳು ಹಿಂದೂಪುರದ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಜಯಚಂದ್ರ ಎಂಬುವವರು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದರು. ಪರದೆಯ ಮೇಲೆ ಕನ್ನಡವೆಲ್ಲ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು. 'ಮಕ್ಕಳ' ಎಂಬ ಒಂದು ಪದವನ್ನು ಒಂದೊಂದು ಲೈಬ್ರರಿಯವರು ಒಂದೊಂದು ಥರ ಬರೆದಿದ್ದರು. ಒಂದು 'ಎಲ್' ಹಾಕಿ, ಎರಡು ಹಾಕಿ, ಒಂದು 'ಕೆ' ತೆಗೆದು ನೋಡುತ್ತಾ ಅವಳು ಆ ಕುರ್ಚಿಯಲ್ಲಿ ಎಷ್ಟೋ ಭಾನುವಾರಗಳನ್ನು ಕಳೆದಳು.

ಮಳೆಗಾಲದ ಕೊನೆಗೆ ಒಂದು ಸಾಲು ಸಿಕ್ಕಿತು. ಹೊರದೇಶದ ವಿಶ್ವವಿದ್ಯಾಲಯವೊಂದರ ವಿಶೇಷ ಸಂಗ್ರಹ. ಕನ್ನಡ ಮಕ್ಕಳ ಮಾಸಪತ್ರಿಕೆ, ಒಂದೇ ಸಂಚಿಕೆ, ೧೯೫೮, ಮುದ್ರಣ ಹಿಂದೂಪುರ. ಅವಳು ಮೂರು ಸಲ ಓದಿಕೊಂಡಳು. ಜಯಚಂದ್ರರಿಗೆ ತೋರಿಸಿದರೆ, ಇಂಥದ್ದೊಂದು ಈ ಊರಿನಲ್ಲಿ ಅಚ್ಚಾಗಿದ್ದು ತಮಗೆ ಗೊತ್ತೇ ಇಲ್ಲವೆಂದರು. ಅವರೇ ಕೂತು ಆ ಲೈಬ್ರರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದುಕೊಟ್ಟರು.

ಮೂರನೇ ವಾರ ಉತ್ತರದ ಜೊತೆ ಹನ್ನೊಂದು ಪುಟಗಳ ಚಿತ್ರಗಳು ಬಂದವು. ಫೋಟೋ ಆದ್ದರಿಂದ ಚೌಕಗಳಿಲ್ಲ. ದುಂಡು ದುಂಡಾದ ಕನ್ನಡ ಅಕ್ಷರ. ಕೊನೆಯ ಪುಟದಲ್ಲಿ ಮಕ್ಕಳು ಕಳಿಸಿದ ಒಗಟುಗಳಿದ್ದವು. ಅದರಲ್ಲೊಂದು: 'ಹೊರಗಿದ್ದರೆ ಕೂಗುತ್ತೇನೆ, ಒಳಗೆ ಕರೆದರೆ ಸುಮ್ಮನಾಗುತ್ತೇನೆ. ನಾನು ಯಾರು?' ಕೆಳಗೆ, ಬಿ. ರಾಮಲಿಂಗಯ್ಯ, ಐದನೇ ತರಗತಿ, ಪೆನುಕೊಂಡ. ಉತ್ತರಗಳು ಮುಂದಿನ ತಿಂಗಳೆಂದು ಅಚ್ಚಾಗಿತ್ತು. ಆ ಸಂಚಿಕೆ ಆ ಲೈಬ್ರರಿಯಲ್ಲೂ ಇರಲಿಲ್ಲ, ಬೇರೆ ಯಾವ ಪಟ್ಟಿಯಲ್ಲೂ ಕಾಣಲಿಲ್ಲ.

ಪೆನುಕೊಂಡದಲ್ಲಿ ನಾಲ್ಕು ಮನೆ ವಿಚಾರಿಸಿದ ಮೇಲೆ ರಾಮಲಿಂಗಯ್ಯನವರು ಸಿಕ್ಕರು. ಬಸ್ ಕಂಡಕ್ಟರ್ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷ. ಐದನೇ ತರಗತಿಯ ಮೇಲೆ ಓದಿದ್ದೆಲ್ಲ ತೆಲುಗಿನಲ್ಲಿ, ಕನ್ನಡ ಓದಲು ಈಗ ಬರುವುದಿಲ್ಲವೆಂದರು. ಪಂಪಮ್ಮನೇ ತಾನು ತಂದಿದ್ದ ಪುಟದ ಪ್ರತಿ ತೆಗೆದು ಒಗಟನ್ನು ಓದಿ ಹೇಳಿದಳು.

"ಇದು ನಾನು ಬರ್ದಿದ್ದಾ? ಏಮೋ ಕಣಮ್ಮ, ನೆಪ್ಪೇ ಇಲ್ಲ."

ಉತ್ತರ ಏನಿರಬಹುದೆಂದು ಕೇಳಿದಳು. ಅವರು ಕಾಗದದ ಮೇಲಿನ ತಮ್ಮ ಹೆಸರನ್ನು ತೋರಿಸಲು ಹೇಳಿ, ಆ ಜಾಗದ ಮೇಲೆ ಬೆರಳಿಟ್ಟು ಕೂತರು.

"ಇನ್ನೊಂದ್ಸಲ ಓದಮ್ಮ."

ಓದಿದಳು. ಪ್ರತಿಯನ್ನು ಅವರಿಗೇ ಕೊಟ್ಟು, ತನ್ನ ವಿಳಾಸ ಬರೆದಿಟ್ಟು, ಬಸ್ ನಿಲ್ದಾಣಕ್ಕೆ ನಡೆದಳು. ಇಷ್ಟು ದೂರ ಹುಡುಕಿಕೊಂಡು ಬಂದರೂ ಬರೆದವರಿಗೇ ನೆನಪಿಲ್ಲ. ದಾರಿಯುದ್ದಕ್ಕೂ ಕಿಟಕಿಯಾಚೆಯ ಕಡಲೆಕಾಯಿ ಹೊಲ ನೋಡುತ್ತಾ ಕೂತವಳಿಗೆ, ಈ ಕೆಲಸ ಯಾರಿಗಾಗಿ ಎಂದು ಮೊದಲ ಸಲ ಅನ್ನಿಸಿತು.

ತಿಂಗಳ ಮೇಲೆ ಒಂದು ಕಾರ್ಡು ಬಂತು. ತೆಲುಗು ಅಕ್ಷರ, ಆದರೆ ಮಾತು ಕನ್ನಡ. ಗಾಳಿ ಇರಬೇಕು ಕಣಮ್ಮ, ಇಲ್ಲಾಂದ್ರೆ ಕುರಿಮರಿ, ದಿನಾ ಯೋಚ್ನೆ ಮಾಡ್ತೀನಿ, ನಿಂಗೇನನ್ಸುತ್ತೆ ಬರಿ ಎಂದಿತ್ತು. ಪಂಪಮ್ಮ ಅಂದೇ ತೆಲುಗು ಅಕ್ಷರದಲ್ಲಿ ಕನ್ನಡ ಬರೆದು ಉತ್ತರಿಸಿದಳು. ಗಾಳಿಯೇ ಸರಿಯೆಂದಳು. ಮುಂದಿನ ಕಾರ್ಡಿನಲ್ಲಿ ಅವರು ಒಪ್ಪಲಿಲ್ಲ.

ಪ್ರಬಂಧ ಮುಗಿದಾಗ ಅನುಬಂಧದಲ್ಲಿ ಆ ಒಗಟಿನ ಮುಂದೆ, ಉತ್ತರ ದೊರೆತಿಲ್ಲ, ಗಾಳಿ ಅಥವಾ ಕುರಿಮರಿ ಎಂದು ಕರ್ತೃವಿನ ಊಹೆ ಎಂದು ಬರೆದಳು. ಊಹೆಗೆ ಆಧಾರವಿಲ್ಲ, ತೆಗೆಯಿರಿ ಎಂದು ಮಾರ್ಗದರ್ಶಕರು ಹೇಳಿದರು. ಪಂಪಮ್ಮ ತೆಗೆಯಲಿಲ್ಲ. ಎಂ.ಫಿಲ್. ಆಯಿತು. ಕೋಣೆಗೆ ಬೇರೆ ಯಾರೂ ಬರಲಿಲ್ಲ. ಎರಡು ಮೂರು ವಾರಕ್ಕೊಮ್ಮೆ ಪೆನುಕೊಂಡದ ಕಾರ್ಡು ಮಾತ್ರ ಬರುತ್ತಿತ್ತು.