ಪರ್ಲ್ ಹೇಳಿದ ಕಲ್ಲುಬೆಂಚು

ಪರ್ಲ್ ಮಥಾಯಸ್ ಹದಿನೈದು ವರ್ಷ ತಾನು ಕಾಲಿಡದ ಕೋಣೆಗಳ ಬಗ್ಗೆ ಮಾತಾಡಿ ಸಂಬಳ ಪಡೆದವಳು. ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಇಪ್ಪತ್ತೊಂದನೆಯ ಮಹಡಿಯಲ್ಲಿ ಹೋಟೆಲ್ ಕಂಪನಿಯೊಂದರ ಬುಕಿಂಗ್ ವಿಭಾಗ. ಅಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ಅವಳ ಬಾಯಲ್ಲಿ ಸಮುದ್ರ, ಬಾಲ್ಕನಿ, ಬೆಳಗಿನ ತಿಂಡಿ. ಕಂಪನಿಗೆ ಏಳು ದೇಶಗಳಲ್ಲಿ ಹೋಟೆಲುಗಳಿದ್ದವು. ಅವುಗಳಲ್ಲಿ ಅವಳಿಗೆ ಇಷ್ಟದ್ದು ಗ್ರೀಸಿನ ಕ್ರೀಟ್ ದ್ವೀಪದ ಹೋಟೆಲು. ಗುಡ್ಡದ ಇಳಿಜಾರಿನಲ್ಲಿ ಮೇಲಿಂದ ಕೆಳಗೆ ನಲವತ್ತು ಬಿಳಿ ಕೋಣೆಗಳು, ಬುಡದಲ್ಲಿ ಪುಟ್ಟ ಕಡಲತೀರ. ಯಾವ ಕೋಣೆಯ ಕಿಟಕಿ ಯಾವ ದಿಕ್ಕಿಗೆ, ಯಾವುದರಲ್ಲಿ ಸ್ನಾನದ ತೊಟ್ಟಿ ಇದೆ, ಎಲ್ಲವೂ ಅವಳಿಗೆ ಬಾಯಿಪಾಠ.

ಅವಳ ಊರು ಉಡುಪಿಯ ಹತ್ತಿರದ ಮೂಡುಬೆಳ್ಳೆ. ಡಿಕ್ಸನ್‌ನನ್ನು ಮದುವೆಯಾಗಿ ದುಬೈಗೆ ಬಂದಾಗ ಇಪ್ಪತ್ತಾರು ವರ್ಷ. ಡಿಕ್ಸನ್ ಕರಾಮಾದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ತೆಗೆಯುತ್ತಾನೆ. ಮಾತು ಕಡಿಮೆ, ನಗು ಬೇಗ. ಮಗಳು ಸ್ಟೇಸಿ ಈಗ ಕಾಲೇಜಿಗೆ ಹೋಗುತ್ತಾಳೆ. ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಕಂಪನಿಯಲ್ಲಿ ಹದಿನೈದು ವರ್ಷ ತುಂಬಿದವರಿಗೆ ಒಂದು ಉಡುಗೊರೆ ಇತ್ತು. ತಮ್ಮದೇ ಯಾವ ಹೋಟೆಲಿನಲ್ಲಾದರೂ ನಾಲ್ಕು ರಾತ್ರಿ, ಇಬ್ಬರಿಗೆ. ಜೊತೆಯವರೆಲ್ಲ ಮಾಲ್ಡೀವ್ಸ್‌ಗೆ ಹೋಗು, ವೀಸಾದ ತಲೆನೋವಿಲ್ಲ ಎಂದರು. ಪರ್ಲ್ ಕ್ರೀಟ್ ಎಂದಳು. ಕಾಗದಪತ್ರ ಜೋಡಿಸುವುದಕ್ಕೇ ಒಂದು ತಿಂಗಳು ಹೋಯಿತು. ಸೆಪ್ಟೆಂಬರ್ ಎರಡನೆಯ ವಾರ ಸಿಕ್ಕಿತು. ಆ ವಾರ ಮೂವತ್ತೊಂದನೆಯ ಕೋಣೆಯಲ್ಲಿ ಯಾರಿರುತ್ತಾರೆಂದು ಅವಳಿಗೆ ಗೊತ್ತಿತ್ತು, ಏಕೆಂದರೆ ಆ ಬುಕಿಂಗ್ ಮಾಡಿದವಳು ಅವಳೇ.

ಅಬುಧಾಬಿಯ ಸುಶೀಲಾ ಶಾಮಸುಂದರ ಎಂಬ ಮಹಿಳೆ ಒಂಬತ್ತು ವರ್ಷಗಳಿಂದ ಪ್ರತಿ ಜನವರಿ ಫೋನ್ ಮಾಡಿ ಸೆಪ್ಟೆಂಬರಿಗೆ ಅದೇ ಕೋಣೆ ಕೇಳುತ್ತಿದ್ದರು. ಬೇರೆ ಯಾರು ಎತ್ತಿಕೊಂಡರೂ ಪರ್ಲ್ ಅವರನ್ನು ಕೊಡಿ ಎನ್ನುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಒಮ್ಮೆ ಮಾತಿನ ನಡುವೆ ಆಕೆ ರಿಸೀವರ್ ಪಕ್ಕಕ್ಕೆ ಹಿಡಿದು, ರೀ, ಪಾಸ್‌ಪೋರ್ಟ್ ಎಲ್ಲಿಟ್ರಿ ಎಂದು ಗಂಡನನ್ನು ಕೇಳಿದ್ದು ಪರ್ಲ್‌ಳ ಕಿವಿಗೆ ಬಿದ್ದಿತ್ತು. ಮೈಸೂರು ಕಡೆಯ ಕನ್ನಡ. ನಾನೂ ಕನ್ನಡದವಳು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾಗಿದ್ದಳು. ಕರೆಗಳು ರೆಕಾರ್ಡ್ ಆಗುತ್ತವೆ, ಇಂಗ್ಲಿಷ್ ಇಲ್ಲವೇ ಅರೇಬಿಕ್ ಬಿಟ್ಟು ಬೇರೆ ಮಾತಾಡುವಂತಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ಡಿಕ್ಸನ್‌ಗೂ ಹೇಳಿರಲಿಲ್ಲ.

ಮೊದಲ ವರ್ಷ ಆಕೆ ಫೋನ್ ಮಾಡಿದ್ದಾಗ, ಗಂಡನಿಗೆ ಮಂಡಿನೋವು, ಕೋಣೆಯಿಂದ ಕಡಲಿಗೆ ಇಳಿಯುವ ದಾರಿಯಲ್ಲಿ ನಡುವೆ ಎಲ್ಲಾದರೂ ಕೂರುವ ಜಾಗ ಇದೆಯೇ ಎಂದು ಕೇಳಿದ್ದರು. ಪರ್ಲ್‌ಳ ಮುಂದಿದ್ದ ಹಾಳೆಯಲ್ಲಿ ಮೆಟ್ಟಿಲಿನ ಬಗ್ಗೆ ಒಂದಕ್ಷರ ಇರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎನ್ನಬೇಕಿತ್ತು. ಅಂದು ಸಾಲಿನಲ್ಲಿ ಆರು ಕರೆಗಳು ಕಾದಿದ್ದವು. ಮೂಡುಬೆಳ್ಳೆಯಲ್ಲಿ ಇಗರ್ಜಿಗೆ ಹತ್ತುವ ದಾರಿಯ ಕಲ್ಲುಬೆಂಚು ಅದು ಹೇಗೋ ಕಣ್ಣ ಮುಂದೆ ಬಂತು. ಇದೆ ಮ್ಯಾಡಂ, ಅರ್ಧ ದಾರಿಯಲ್ಲಿ ಮರದ ನೆರಳಲ್ಲಿ ಒಂದು ಕಲ್ಲುಬೆಂಚಿದೆ ಎಂದುಬಿಟ್ಟಳು. ಫೋನ್ ಇಟ್ಟ ಮೇಲೆ ಹೇಳಿದ್ದು ತಪ್ಪೆನಿಸಿತು. ಹೋಟೆಲಿಗೆ ಇ-ಮೇಲ್ ಬರೆದಳು, ಉತ್ತರ ಬರಲಿಲ್ಲ. ದೂರು ಬರುತ್ತದೆಂದು ಕಾದಳು, ಅದೂ ಬರಲಿಲ್ಲ. ಮರುವರ್ಷ ಆಕೆ ಅದೇ ಕೋಣೆ ಕೇಳಿದರು. ಬೆಂಚಿನ ಮಾತು ಆಕೆ ಎತ್ತಲಿಲ್ಲ, ಕೆದಕುವ ಧೈರ್ಯ ಇವಳಿಗೂ ಆಗಲಿಲ್ಲ.

ಹಾಗಾಗಿ ದ್ವೀಪಕ್ಕೆ ಬಂದಿಳಿದು, ಕೈಗೆ ತಣ್ಣನೆಯ ನಿಂಬೆ ಪಾನಕ ಕೊಟ್ಟು ಹದಿನೆಂಟನೆಯ ಕೋಣೆಗೆ ಕರೆದೊಯ್ದಾಗ ಪರ್ಲ್ ಹೆಚ್ಚು ಹೊತ್ತು ಒಳಗೆ ನಿಲ್ಲಲಿಲ್ಲ. ಬಾಲ್ಕನಿಯ ಬಾಗಿಲು ಸರಿಸಿದರೆ ಸಮುದ್ರ ಮೈಮೇಲೆ ಬಂದಂತೆ ಇತ್ತು. ಬಿಸಿಲಿಗೆ ಕಾದ ಯಾವುದೋ ಕಾಡುಗಿಡದ ವಾಸನೆ, ಜೀರುಂಡೆಗಳ ಸದ್ದು. ಡಿಕ್ಸನ್ ಮಂಚದ ಮೇಲೆ ಕೂತು, ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿ, ನೀನು ಫೋನಿನಲ್ಲಿ ಹೇಳುವುದಕ್ಕಿಂತ ಚೆನ್ನಾಗಿದೆ ಎಂದ. ಅವಳು ಆಗಲೇ ಹೊರಗೆ ಕಾಲಿಟ್ಟಿದ್ದಳು.

ಮೆಟ್ಟಿಲುಗಳನ್ನು ಎಣಿಸುತ್ತ ಇಳಿದಳು. ಐವತ್ತೆಂಟನೆಯ ಮೆಟ್ಟಿಲಿನ ಹತ್ತಿರ ದಾರಿ ಬಲಕ್ಕೆ ತಿರುಗಿತು. ಅಲ್ಲಿ, ಒಂದು ಹಳೆಯ ಆಲಿವ್ ಮರದ ಕೆಳಗೆ, ಕಲ್ಲುಬೆಂಚು ಇತ್ತು. ಪರ್ಲ್ ಅದರ ಮುಂದೆ ನಿಂತೇ ಇದ್ದಳು. ಆಮೇಲೆ ಅದರ ಅಂಚನ್ನು ಮುಟ್ಟಿ ನೋಡಿದಳು. ತಾನು ಬಾಯಿಗೆ ಬಂದದ್ದು ಹೇಳಿದ್ದು ಹೇಗೆ ನಿಜವಾಯಿತೆಂದು ಅವಳಿಗೆ ತಿಳಿಯಲಿಲ್ಲ. ಕೂತುಕೊಳ್ಳಲು ಮಾತ್ರ ಮನಸ್ಸಾಗಲಿಲ್ಲ. ಕೆಳಗಿನವರೆಗೂ ಎಣಿಸಿದಳು, ನೂರಾ ಹದಿನಾಲ್ಕು.

ಉಡುಗೊರೆಯ ನಿಯಮದಲ್ಲಿ ಒಂದು ಸಾಲಿತ್ತು: ಅತಿಥಿಗಳಿಗೆ ನಿಮ್ಮ ಪರಿಚಯ ಹೇಳಿಕೊಂಡು ತೊಂದರೆ ಕೊಡಬಾರದು. ಪರ್ಲ್ ಅದಕ್ಕೆ ಒಪ್ಪಿ ಸಹಿ ಹಾಕಿದ್ದಳು. ಮೂವತ್ತೊಂದನೆಯ ಕೋಣೆಯವರನ್ನು ದೂರದಿಂದ ನೋಡಿದರೆ ಸಾಕು ಎಂದುಕೊಂಡಿದ್ದಳು. ಎರಡನೆಯ ದಿನ ಬೆಳಗಿನ ತಿಂಡಿಗೆ ಅವರೇ ಪಕ್ಕದ ಮೇಜಿಗೆ ಬಂದು ಕೂತರು. ಫೋನಿನಲ್ಲಿ ಕೇಳಿದ ದನಿಯಿಂದಲೇ ಪರ್ಲ್‌ಗೆ ಗುರುತಾಯಿತು. ಹತ್ತಿಯ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಬೆಳ್ಳಗಾದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡ ಸುಶೀಲಮ್ಮ. ಎದುರಿಗೆ ಕೋಲು ಒರಗಿಸಿ ಕೂತ ಅವರ ಯಜಮಾನರು ಶಾಮಸುಂದರ. ಅಬುಧಾಬಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದ ಸಲಹೆಗಾರರು. ಅವರು ಮೊಸರಿನ ಮೇಲೆ ಜೇನು ಸುರಿದುಕೊಳ್ಳುತ್ತಿದ್ದರು. ಪರ್ಲ್ ಡಿಕ್ಸನ್ ಜೊತೆ ಮೆಲ್ಲಗೆ ಕೊಂಕಣಿಯಲ್ಲಿ ಮಾತಾಡುತ್ತ ತಲೆ ತಗ್ಗಿಸಿ ತಿಂದಳು.

ಅಷ್ಟರಲ್ಲಿ ಬಡಿಸುವವನು ಬಂದು ಕೋಣೆಯ ನಂಬರ್ ಕೇಳಿದ. ಯೋಚಿಸುವ ಮೊದಲೇ ಅವಳ ಬಾಯಿಂದ ಆಫೀಸಿನ ದನಿ ಹೊರಟಿತು. ಖಂಡಿತ, ಹದಿನೆಂಟು, ಎರಡನೆಯ ಸಾಲು, ಸಮುದ್ರಕ್ಕೆ ಮುಖ ಎಂದು ಫೋನಿನಲ್ಲಿ ಹೇಳುವ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು. ಪಕ್ಕದ ಮೇಜಿನಲ್ಲಿ ಚಮಚ ತಟ್ಟೆಗೆ ತಗುಲಿದ ಸದ್ದಾಯಿತು. ಸುಶೀಲಮ್ಮ ಕುರ್ಚಿಯಲ್ಲೇ ತಿರುಗಿ, ಕ್ಷಮಿಸಿ, ನೀವು ದುಬೈ ಆಫೀಸಿನ ಪರ್ಲ್ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಇಲ್ಲ ಎನ್ನಲು ಆಗಲಿಲ್ಲ. ಇಂಗ್ಲಿಷಿನಲ್ಲಿ ಹೌದೆನ್ನಲೂ ಮನಸ್ಸಾಗಲಿಲ್ಲ.

"ಹೌದು ಆಂಟಿ, ನಾನೇ," ಎಂದಳು ಕನ್ನಡದಲ್ಲಿ.

ಸುಶೀಲಮ್ಮ ಅವಳನ್ನು ನೋಡಿದರು. ಗಂಡನ ಕಡೆ ನೋಡಿದರು. ಮತ್ತೆ ಇವಳ ಕಡೆ.

"ಒಂಬತ್ತು ವರ್ಷ ನನ್ನ ಕೈಲಿ ಇಂಗ್ಲಿಷ್ ಮಾತಾಡ್ಸಿದ್ಯಲ್ಲಮ್ಮ ನೀನು."

ಶಾಮಸುಂದರರು ಜೇನಿನ ಬಟ್ಟಲು ಕೆಳಗಿಟ್ಟು ನಗಲು ಶುರುಮಾಡಿದರು. ನಿಮಗೆ ಫೋನ್ ಮಾಡೋ ಮುಂಚೆ ಇವಳು ವಾಕ್ಯಗಳನ್ನ ಚೀಟೀಲಿ ಬರ್ಕೋತಿದ್ಲು ಎಂದು ಅವರು ಹೇಳಿದ್ದಕ್ಕೆ ಸುಶೀಲಮ್ಮ ಕಣ್ಣಲ್ಲೇ ಗದರಿದರು. ಎರಡು ಮೇಜುಗಳು ಒಂದಾದವು. ಊರು, ಮನೆ, ಮಗಳು ಎಲ್ಲದರ ವಿಚಾರಣೆ ಆಯಿತು. ಅಬುಧಾಬಿಯಲ್ಲಿ ನುಗ್ಗೆಸೊಪ್ಪು ಎಲ್ಲಿ ಸಿಗುತ್ತದೆ ಎನ್ನುವ ತನಕ ಮಾತು ಹೋಯಿತು. ಡಿಕ್ಸನ್ ತಾನು ಎಕ್ಸ್-ರೇ ತೆಗೆಯುವವನೆಂದು ಹೇಳಿದ್ದೇ ತಡ, ಶಾಮಸುಂದರರು ಪ್ಯಾಂಟಿನ ಮೇಲಿಂದಲೇ ಮಂಡಿ ತೋರಿಸಲು ಹೊರಟರು.

ಆಮೇಲೆ ಎಲ್ಲರೂ ಕಡಲಿಗೆ ಇಳಿದರು. ಗಂಡಸರಿಬ್ಬರೂ ಮಂಡಿಯ ಚರ್ಚೆಯಲ್ಲಿ ಹಿಂದೆ ಉಳಿದರು. ಬೆಂಚು ಬಂತು. ಸುಶೀಲಮ್ಮ ಕೂತು, ಪಕ್ಕದ ಜಾಗವನ್ನು ತಟ್ಟಿ, ಬಾ ಎಂದರು. ಪರ್ಲ್ ನಿಂತೇ ಇದ್ದಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು.

"ಆಂಟಿ, ಒಂದು ವಿಷಯ ಉಂಟು. ಆ ದಿನ ಇಲ್ಲಿ ಬೆಂಚು ಉಂಟು ಅಂತ ಹೇಳಿದ್ದೆ ಅಲ್ವಾ, ನಂಗೆ ಗೊತ್ತಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದು ನಾನು. ದೇವರ ದಯೆ, ನಿಜವಾಗಿ ಇತ್ತು."

"ಎಲ್ಲಿತ್ತು?" ಎಂದರು ಸುಶೀಲಮ್ಮ. "ನಾವು ಬಂದಾಗ ಇಲ್ಲಿ ಮರ ಬಿಟ್ಟು ಏನೂ ಇರ್ಲಿಲ್ಲ."

ಆ ಮೊದಲ ವರ್ಷ ಶಾಮಸುಂದರರು ಅರ್ಧ ದಾರಿಗೆ ಬಂದು, ಹತ್ತಲೂ ಆಗದೆ ಇಳಿಯಲೂ ಆಗದೆ ಮೆಟ್ಟಿಲಿನ ಮೇಲೇ ಕೂತುಬಿಟ್ಟಿದ್ದರಂತೆ. ಸುಶೀಲಮ್ಮ ನೇರ ಮ್ಯಾನೇಜರ್ ಹತ್ತಿರ ಹೋಗಿ, ನಿಮ್ಮ ದುಬೈ ಆಫೀಸಿನ ಪರ್ಲ್ ಇಲ್ಲಿ ಕಲ್ಲುಬೆಂಚಿದೆ ಎಂದಿದ್ದಾಳೆ, ಎಲ್ಲಿದೆ ತೋರಿಸಿ ಎಂದರು. ಬೆಂಚಿದೆ ಎಂದು ಕಂಪನಿಯ ಪ್ರಚಾರದ ಪುಸ್ತಕದಲ್ಲಿ ಎಲ್ಲೋ ಅಚ್ಚಾಗಿರಬೇಕೆಂದು ಆತ ಗಾಬರಿಯಾದ. ಮಾರನೆಯ ದಿನ ನಾಲ್ಕು ಜನ ಸೇರಿ ಅಡಿಗೆಮನೆಯ ಹಿಂದಿನ ತೋಟದಿಂದ ಈ ಕಲ್ಲನ್ನು ಹೊತ್ತು ತಂದು ಹಾಕಿದರು.

 ನನ್ನ ಮೇಲೆ ಯಾಕೆ ದೂರು ಕೊಡಲಿಲ್ಲ ಎಂದು ಪರ್ಲ್ ಕೇಳಿದಳು.

"ಸುಳ್ಳು ಅಂತ ಅವತ್ತೇ ಗೊತ್ತಾಯ್ತು. ಕೋಪಾನೂ ಬಂತು, ಇಲ್ಲ ಅನ್ನಲ್ಲ. ಆದ್ರೆ ಮುದುಕ ಕೂತ್ಕೊಳ್ಳೋಕೆ ಜಾಗ ಬೇಕು ಅಂತ ಯೋಚನೆ ಮಾಡಿದೋಳು ನೀನೊಬ್ಳೇ. ಇಷ್ಟು ದೊಡ್ಡ ಹೋಟೆಲ್ ಕಟ್ಟಿದೋರಿಗೆ ಹೊಳೀಲಿಲ್ಲ." ಅವರು ಮತ್ತೆ ಪಕ್ಕದ ಜಾಗ ತಟ್ಟಿದರು. "ಇನ್ಮೇಲೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಕೂತ್ಕೋ ಈಗ."

ಪರ್ಲ್ ಕೂತಳು. ಕಲ್ಲು ತಣ್ಣಗಿತ್ತು. ಒಂಬತ್ತು ವರ್ಷ ಎಲ್ಲೋ ಮುಳ್ಳಿನಂತೆ ಚುಚ್ಚುತ್ತಿದ್ದದ್ದು ಎಷ್ಟು ಸಣ್ಣದಿತ್ತು ಎಂದು ನಗುವೂ ಬಂತು, ಕಣ್ಣೂ ತುಂಬಿತು.

ಕೆಳಗೆ ಹೋದ ಮೇಲೆ ಇನ್ನೊಂದು ಆಶ್ಚರ್ಯ ಕಾದಿತ್ತು. ಸುಶೀಲಮ್ಮ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಕುತ್ತಿಗೆಯಿಂದ ಮೊಣಕಾಲಿನ ಕೆಳಗಿನವರೆಗೆ ಮುಚ್ಚುವ ಕಪ್ಪು ಈಜುಡುಗೆ ತೊಟ್ಟು ಬಂದರು. ನೆಟ್ಟಗೆ ನೀರಿಗಿಳಿದು, ಹಿಂದೆ ತಿರುಗಿಯೂ ನೋಡದೆ ದೂರದ ಹಳದಿ ತೇಲುಗುಂಡಿನವರೆಗೆ ಈಜಿ ಬಂದರು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲೇ, ಹೋಟೆಲಿನ ಈಜು ಕಲಿಸುವ ಹೆಂಗಸಿನ ಹತ್ತಿರ ಕಲಿತದ್ದಂತೆ. ಹುಟ್ಟಿದ್ದು ನಂಜನಗೂಡು. ಮದುವೆಗೆ ಮುಂಚೆ ಸಮುದ್ರವನ್ನೇ ನೋಡಿರಲಿಲ್ಲವಂತೆ.

ಕರಾವಳಿಯಲ್ಲಿ ಹುಟ್ಟಿದ ಪರ್ಲ್‌ಗೆ ಈಜು ಬಾರದು. ಅಣ್ಣಂದಿರು ಹೊಳೆಗೆ ಹಾರುವಾಗ ಅವರ ಅಂಗಿ ಹಿಡಿದು ದಡದಲ್ಲಿ ಕೂತಿರುವುದು ಅವಳ ಕೆಲಸವಾಗಿತ್ತು. ದುಬೈಯಲ್ಲಿ ಇಪ್ಪತ್ತೆರಡು ವರ್ಷ ಬೀಚಿಗೆ ಹೋದದ್ದೂ ಪಾದ ನೆನೆಸುವಷ್ಟಕ್ಕೆ. ಇದನ್ನು ಕೇಳಿದ್ದೇ ಸುಶೀಲಮ್ಮ ಎದ್ದು ಕೈ ಹಿಡಿದು ಎಳೆದರು. ಹಾಕಿಕೊಂಡಿದ್ದ ಟೀ ಶರ್ಟು, ಲೆಗ್ಗಿಂಗಿನಲ್ಲೇ ಪರ್ಲ್ ಸೊಂಟದ ನೀರಿಗೆ ಹೋಗಿ ನಿಂತಳು. ಬೆನ್ನ ಕೆಳಗೆ ಒಂದು ಅಂಗೈ ಬಂತು.

"ಹೊಟ್ಟೆ ಬಿಗಿ ಹಿಡೀಬೇಡ. ಕಿವಿ ನೀರಲ್ಲಿ ಮುಳುಗ್ಲಿ, ಪರವಾಗಿಲ್ಲ. ಮೇಲೆ ನೋಡು."

ಆ ದಿನ ಮೂರು ಸಲ ಉಪ್ಪುನೀರು ಕುಡಿದಳು. ಮಾರನೆಯ ಬೆಳಿಗ್ಗೆ, ಬೆನ್ನಿನ ಕೆಳಗಿದ್ದ ಕೈ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಕಿವಿಯೊಳಗೆ ನೀರಿನ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ಏನೂ ಕೇಳುತ್ತಿಲ್ಲ, ತಾನು ಯಾರಿಗೂ ಏನೂ ಹೇಳಬೇಕಿಲ್ಲ. ಮೇಲೆ ಗುಡ್ಡದ ಮೇಲಿನ ಕೋಣೆಗಳು ತಲೆಕೆಳಗಾಗಿ ಕಾಣುತ್ತಿದ್ದವು. ಅವುಗಳ ನಂಬರುಗಳನ್ನು ನೆನಪಿಸಿಕೊಳ್ಳಲು ಹೋಗಿ, ಬೇಡವೆಂದು ಬಿಟ್ಟಳು. ದಡದಲ್ಲಿ ಡಿಕ್ಸನ್ ಎದ್ದು ನಿಂತು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. ಅದನ್ನು ಸ್ಟೇಸಿಗೆ ಕಳಿಸಿದ್ದಕ್ಕೆ, ಮಮ್ಮಿ ಆರ್ ಯು ಓಕೆ ಎಂದು ಉತ್ತರ ಬಂತು.

ಉಳಿದ ಹೊತ್ತು ಪರ್ಲ್ ಕೈಯಲ್ಲಿ ಸಣ್ಣ ನೋಟ್‌ಬುಕ್ ಹಿಡಿದು ಗುಡ್ಡ ಸುತ್ತಿದಳು. ಏಳನೆಯ ಕೋಣೆಗೆ ಬೆಳಿಗ್ಗೆ ಐದಕ್ಕೇ ಅಡಿಗೆಮನೆಯ ಪಾತ್ರೆಗಳ ಸದ್ದು ಕೇಳುತ್ತದೆ. ಇಪ್ಪತ್ತೆರಡಕ್ಕೆ ಮಧ್ಯಾಹ್ನದ ಮೇಲೆ ಒಳ್ಳೆಯ ನೆರಳು. ಮೂವತ್ತರ ಮೇಲಿನ ಕೋಣೆಗಳಿಗೆ ಜನರನ್ನು ಒಯ್ಯುವ ಪುಟ್ಟ ಗಾಡಿ ಬರುತ್ತದೆ, ಆದರೆ ಕರೆದರೆ ಮಾತ್ರ. ಯಾವ ದಾರಿಗೆ ಎಷ್ಟು ಮೆಟ್ಟಿಲು, ಎಲ್ಲೆಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ. ರಜೆಯಲ್ಲೂ ಆಫೀಸ್ ಕೆಲಸವಾ ಎಂದು ಡಿಕ್ಸನ್ ಕೇಳಿದ. ಇಲ್ಲ, ನೋಡುತ್ತಿದ್ದೇನೆ ಅಷ್ಟೆ ಎಂದಳು. ಹೊರಡುವ ಹಿಂದಿನ ದಿನ ಸುಶೀಲಮ್ಮ ತಮ್ಮ ಡಬ್ಬಿಯಿಂದ ಚಟ್ನಿಪುಡಿ ತೆಗೆದು, ಅಲ್ಲಿನ ಗಟ್ಟಿ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ನೆನೆಸಿ, ಅದರ ಮೇಲೆ ಉದುರಿಸಿ ನಾಲ್ವರಿಗೂ ಹಂಚಿದರು. ಬಡಿಸುವವನೂ ಒಂದು ತುಂಡು ಕೇಳಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದ.

ದುಬೈಗೆ ಮರಳಿ ಬಂದ ಪರ್ಲ್ ಆ ಟಿಪ್ಪಣಿಗಳನ್ನು ಎರಡು ಪುಟಗಳಲ್ಲಿ ಟೈಪ್ ಮಾಡಿ ತನ್ನ ವಿಭಾಗದ ಮ್ಯಾನೇಜರ್‌ಗೆ ಕೊಟ್ಟಳು. ಮೆಟ್ಟಿಲುಗಳ ಸಂಖ್ಯೆ ಹೇಳಿದರೆ ಗಿರಾಕಿ ಹೆದರುತ್ತಾರೆ ಎಂದು ಅವರು ಮೊದಲು ಹಿಂಜರಿದರು. ಹೆದರುವವರು ಹೆದರಲಿ, ಬಂದವರು ಸುಖವಾಗಿರುತ್ತಾರೆ ಎಂದು ಪರ್ಲ್ ವಾದಿಸಿದಳು. ಒಬ್ಬಿಬ್ಬರು ಬುಕಿಂಗ್ ಬಿಟ್ಟದ್ದೂ ಉಂಟು. ಆದರೆ ದೂರುಗಳು ಕಡಿಮೆಯಾದವು. ಈಗ ಆ ವಿಭಾಗಕ್ಕೆ ಹೊಸದಾಗಿ ಬಂದವರಿಗೆ ಮೊದಲು ಕೊಡುವುದು ಆ ಎರಡು ಪುಟ. ಹಾಳೆಯಲ್ಲಿಲ್ಲದ್ದನ್ನು ಯಾರಾದರೂ ಕೇಳಿದರೆ ಪರ್ಲ್ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎನ್ನುತ್ತಾಳೆ, ಸಾಲಿನಲ್ಲಿ ಎಷ್ಟೇ ಕರೆಗಳಿರಲಿ.

ಜನವರಿಯಲ್ಲಿ ಸುಶೀಲಮ್ಮ ಫೋನ್ ಮಾಡಿದರು. ಪರ್ಲ್ ನಿಯಮದಂತೆ ಇಂಗ್ಲಿಷಿನಲ್ಲೇ ಬುಕಿಂಗ್ ಮುಗಿಸಿದಳು, ಅವರೂ ಗಂಭೀರವಾಗಿ ಇಂಗ್ಲಿಷಿನಲ್ಲೇ ಉತ್ತರಿಸಿದರು. ಊಟದ ವಿರಾಮದಲ್ಲಿ ಅವಳು ತನ್ನ ಮೊಬೈಲಿನಿಂದ ಅವರಿಗೆ ಕರೆಮಾಡಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದಳು. ಮುಂದಿನ ವಾರ ಅಬುಧಾಬಿಗೆ ಊಟಕ್ಕೆ ಬರಬೇಕೆಂದು, ಶಾಮಸುಂದರರ ಹೊಸ ಎಕ್ಸ್-ರೇಯನ್ನು ಡಿಕ್ಸನ್ ನೋಡಲೇಬೇಕೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಪರ್ಲ್ ಈಗ ಅಲ್ ಮಮ್ಜಾರ್ ಬೀಚಿಗೆ ಹೋಗುತ್ತಾಳೆ. ಅವಳೂ ಒಂದು ಕಪ್ಪು ಈಜುಡುಗೆ ಕೊಂಡಿದ್ದಾಳೆ. ಮುಂದಕ್ಕೆ ಈಜುವುದು ಇನ್ನೂ ನಾಲ್ಕು ಮೊಳದಷ್ಟೇ, ತೇಲುವುದು ಮಾತ್ರ ಎಷ್ಟು ಹೊತ್ತು ಬೇಕಾದರೂ ಆದೀತು. ಡಿಕ್ಸನ್ ಮೊಣಕಾಲು ನೀರಿನಲ್ಲಿ, ಪ್ಯಾಂಟು ಮಡಚಿಕೊಂಡು ನಿಂತಿರುತ್ತಾನೆ. ಹೋದ ವಾರ ಸ್ಟೇಸಿಯೂ ಬಂದಿದ್ದಳು. ಅವಳು ಶಾಲೆಯಲ್ಲಿ ಈಜು ಕಲಿತವಳು. ತಾಯಿಯ ಪಕ್ಕ ಮಲಗಿದಂತೆ ತೇಲುತ್ತ, ಕಾಲನ್ನು ಇನ್ನಷ್ಟು ಸಡಿಲ ಬಿಡು ಎಂದು ಅಪರೂಪಕ್ಕೆ ಕೊಂಕಣಿಯಲ್ಲೇ ಹೇಳಿಕೊಟ್ಟಳು.